ಮೂಗರ್ಜಿ ಬರೆದವರ ಹೆಸರು

ಎರಡು ತಿಂಗಳ ಹಿಂದೆ ಒಂದು ಭಾನುವಾರ ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಚಿಕ್ಕಂದಿನಿಂದ ನಾನು ನೋಡಿದ ಹುಡುಗಿ, ಈಗ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಕಾಫಿ ಮುಗಿಯುವವರೆಗೂ ಏನೇನೋ ಮಾತಾಡಿದಳು, ತಮ್ಮನ ಸಿಇಟಿ, ಅಮ್ಮನ ಮಂಡಿನೋವು. ಲೋಟ ಕೆಳಗಿಟ್ಟ ಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದಳು: "ಅಕ್ಕಾ, ಒಂದು ಮೂಗರ್ಜಿ ಹಾಕಿದ್ರೆ ಯಾರು ಬರೆದಿದ್ದು ಅಂತ ಗೊತ್ತಾಗುತ್ತಾ?"

ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಬರುವ ರೋಗಿಗಳ ಕ್ಲೇಮು ಅಪ್‌ಲೋಡ್ ಮಾಡುವುದು ಅವಳ ಕೆಲಸ. ಮಂಗಳವಾರ ಡಿಸ್ಚಾರ್ಜ್ ಆಗಿ ಮನೆಗೆ ಹೋದ ಒಬ್ಬ ಅಜ್ಜಿ ಕಾಗದದ ಮೇಲೆ ಶುಕ್ರವಾರದವರೆಗೂ ಐಸಿಯುನಲ್ಲೇ ಇದ್ದರಂತೆ. ಇವಳಿಗೆ ಅದು ಹೇಗೆ ಗೊತ್ತು ಅಂದರೆ, ಮಂಗಳವಾರ ಆ ಅಜ್ಜಿಯ ಕೈಹಿಡಿದು ಆಟೋ ಹತ್ತಿಸಿದ್ದು ಇವಳೇ. ಆಮೇಲೆ ಹಳೆಯ ಫೈಲು ನೋಡಿದರೆ ಇಂಥವು ಇನ್ನೂ ಇವೆ. ಮೇಲಿನವರನ್ನು ಕೇಳಿದಾಗ "ಟೈಪ್ ಮಾಡೋದು ನಿನ್ನ ಕೆಲಸ, ಟೈಪ್ ಮಾಡು" ಅಂದರಂತೆ.

ನಾನು ವಕೀಲೆ ಅಲ್ಲ. ಹದಿನೈದು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವಳು. ಆದರೆ ಈ ವಿಷಯ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ, ಅದಕ್ಕೆ ಕಾರಣ ನನ್ನ ಸೋದರಮಾವ. ಅವಳಿಗೆ ಅವತ್ತು ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಬೇರೆ ಬೇರೆ ದೇಶದಲ್ಲಿ ಇಂಥ ಹುಡುಗಿಗೆ ಕಾನೂನು ಏನು ಮಾಡುತ್ತದೆ ಅಂತ ಆಮೇಲೆ ಕೂತು ಓದಿದೆ. ಓದುತ್ತಾ ಓದುತ್ತಾ ಮನಸ್ಸು ಕುದಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾವನ ಕಥೆ. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಎಂಬತ್ತರ ದಶಕ. ಒಂದು ಕೆರೆ ಏರಿಯ ರಿಪೇರಿಗೆ ಎರಡು ಸಲ ಬಿಲ್ಲು ಪಾಸಾಗಿದ್ದು ಅವರ ಕಣ್ಣಿಗೆ ಬಿತ್ತು. ಮೂಗರ್ಜಿ ಬರೆದರು. ಅಕ್ಷರ ಗುರುತು ಸಿಗಬಾರದು ಅಂತ ಎಡಗೈಯಲ್ಲಿ, ಒಂದೊಂದೇ ಅಕ್ಷರ ಕೊರೆದ ಹಾಗೆ. ನಮ್ಮೂರಿನ ಅಂಚೆ ಮುದ್ರೆ ಇರಬಾರದು ಅಂತ ಬಸ್ಸು ಹತ್ತಿ ಪಕ್ಕದ ತಾಲ್ಲೂಕಿಗೆ ಹೋಗಿ ಡಬ್ಬಿಗೆ ಹಾಕಿ ಬಂದರು. ಎರಡು ವಾರದೊಳಗೆ ಆ ಕಾಗದದ ನಕಲು ಅವರ ಮೇಲಧಿಕಾರಿಯ ಟೇಬಲ್ಲಿನ ಮೇಲಿತ್ತು. ಯಾರು ಬರೆದಿದ್ದು ಅಂತ ಹುಡುಕುವುದಕ್ಕೆ ಅವರಿಗೆ ಅಕ್ಷರವೂ ಬೇಕಿರಲಿಲ್ಲ, ಮುದ್ರೆಯೂ ಬೇಕಿರಲಿಲ್ಲ. ಕಾಗದದಲ್ಲಿ ಎರಡೂ ವೋಚರ್‌ಗಳ ನಂಬರ್ ಇತ್ತು. ಆ ನಂಬರ್ ನೋಡಬಲ್ಲವರು ಕಚೇರಿಯಲ್ಲಿ ಇದ್ದದ್ದೇ ಮೂರು ಜನ, ಅದರಲ್ಲಿ ಇಬ್ಬರು ದುಡ್ಡು ತಿಂದವರು.

ವೋಚರ್ ನಂಬರ್ ಬರೆಯದೇ ಇದ್ದಿದ್ದರೆ? ಆಧಾರವಿಲ್ಲದ ಮೂಗರ್ಜಿ ಅಂತ ಕಸದ ಬುಟ್ಟಿಗೆ. ಬರೆದರೆ ಸಿಕ್ಕಿಬೀಳುತ್ತೀರಿ. ಈ ಇಕ್ಕಟ್ಟು ಮಾವನೊಬ್ಬರದ್ದಲ್ಲ, ಜಗತ್ತಿನ ಎಲ್ಲ ಕಡೆ ಇದೇ. ಗಟ್ಟಿ ಮಾಹಿತಿಯೇ ಕೊಟ್ಟವರ ಗುರುತು ಹೇಳಿಬಿಡುತ್ತದೆ. ಅದಕ್ಕೇ ನನಗೆ ಅನ್ನಿಸುವುದು ಇಷ್ಟು: ಹೆಸರು ಗುಟ್ಟಾಗಿಡುತ್ತೇವೆ ಅಂತ ಮಾತ್ರ ಹೇಳುವ ಕಾನೂನು ಅರ್ಧ ಕಾನೂನು. ಹೆಸರು ಹೊರಬಿದ್ದ ಮಾರನೇ ದಿನ ಆ ಮನುಷ್ಯನ ಪಕ್ಕ ಯಾರು ನಿಲ್ಲುತ್ತಾರೆ ಅನ್ನುವುದನ್ನು ನೋಡಬೇಕು.

ಮಾವನ ಪಕ್ಕ ಯಾರೂ ನಿಲ್ಲಲಿಲ್ಲ. ಇನ್ನೂರು ಕಿಲೋಮೀಟರ್ ದೂರಕ್ಕೆ ವರ್ಗ, ಜೊತೆಗೆ ಒಂದು ರಿಜಿಸ್ಟರ್ ಕಳೆದುಹೋಗಿದೆ ಅಂತ ಇಲಾಖಾ ವಿಚಾರಣೆ, ಎರಡು ಇನ್‌ಕ್ರಿಮೆಂಟ್ ಕಟ್. ಸಹೋದ್ಯೋಗಿಗಳು ಮಾತು ಬಿಟ್ಟರು. ಉಂಡ ಮನೆಗೆ ಎರಡು ಬಗೆದವನು ಅಂದರು. ನಮ್ಮ ಭಾಷೆಯಲ್ಲಿ ಇಂಥವರಿಗೆ ಇರುವ ಮಾತುಗಳನ್ನೇ ನೋಡಿ, ಚಾಡಿಕೋರ, ಮನೆಹಾಳ, ಎರಡು ಬಗೆದವನು. ಪೇಪರಿನವರು ವಿಷಲ್ ಬ್ಲೋವರ್ ಅಂತ ಇಂಗ್ಲಿಷ್ ಮಾತನ್ನೇ ಬರೆಯುತ್ತಾರೆ, ಇಲ್ಲವೇ ಮಾಹಿತಿದಾರ ಅನ್ನುತ್ತಾರೆ. ಮಾಹಿತಿದಾರ ಅಂದರೆ ಪೊಲೀಸರಿಗೆ ಸುದ್ದಿ ಕೊಡುವವನ ಹಾಗೆ ಕೇಳುತ್ತದೆ. ಗೌರವದಿಂದ ಕರೆಯುವ ಒಂದು ಕನ್ನಡ ಪದ ನನಗಂತೂ ಇನ್ನೂ ಸಿಕ್ಕಿಲ್ಲ.

ನಮ್ಮ ದೇಶದ ಕಾನೂನು ಹುಟ್ಟಿದ್ದು ಒಂದು ಸಾವಿನಿಂದ. ಸತ್ಯೇಂದ್ರ ದುಬೆ, ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಕೆಲಸ. ಸುವರ್ಣ ಚತುಷ್ಪಥ ರಸ್ತೆಯ ಕಾಮಗಾರಿಯಲ್ಲಿ ನಡೆಯುತ್ತಿದ್ದ ಅವ್ಯವಹಾರದ ಬಗ್ಗೆ 2002ರ ನವೆಂಬರ್‌ನಲ್ಲಿ ಪ್ರಧಾನಿಗೆ ಪತ್ರ ಬರೆದರು. ತಮ್ಮ ವಿವರವನ್ನು ಬೇರೆಯೇ ಹಾಳೆಯಲ್ಲಿ ಬರೆದು, ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಆ ಪತ್ರ ಹೆಸರಿನ ಸಮೇತ ಸಚಿವಾಲಯಕ್ಕೆ, ಅಲ್ಲಿಂದ ಅವರದೇ ಪ್ರಾಧಿಕಾರಕ್ಕೆ ಟೇಬಲ್ಲಿನಿಂದ ಟೇಬಲ್ಲಿಗೆ ಹೋಯಿತು. ಒಂದು ವರ್ಷದ ನಂತರ, 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಮದುವೆ ಮುಗಿಸಿ ರೈಲಿಳಿದು ಸೈಕಲ್ ರಿಕ್ಷಾದಲ್ಲಿ ಮನೆಗೆ ಹೋಗುತ್ತಿದ್ದರು. ಸಿಬಿಐ ಇದು ದರೋಡೆಗಾಗಿ ನಡೆದ ಕೊಲೆ ಎಂದಿತು, 2010ರಲ್ಲಿ ಅಪರಾಧಿಗಳಿಗೆ ಶಿಕ್ಷೆಯೂ ಆಯಿತು. ಮನೆಯವರಿಗೆ ಆ ವಿವರಣೆ ಒಪ್ಪಿಗೆಯಾಗಲಿಲ್ಲ. ಕೊಲೆಯ ಕಾರಣ ಏನೇ ಇರಲಿ, ಗುಟ್ಟಾಗಿಡಿ ಅಂತ ಕೇಳಿದ ಹೆಸರನ್ನು ಊರೆಲ್ಲ ತಿರುಗಿಸಿದ್ದು ಮಾತ್ರ ಕಣ್ಣೆದುರಿನ ಸತ್ಯ ಅಲ್ವಾ.

ಆಮೇಲೆ ಸುಪ್ರೀಂ ಕೋರ್ಟ್ ಒತ್ತಾಯಕ್ಕೆ ಕೇಂದ್ರ ಸರ್ಕಾರ 2004ರ ಏಪ್ರಿಲ್‌ನಲ್ಲಿ ಒಂದು ನಿರ್ಣಯ ಹೊರಡಿಸಿತು. ಕೇಂದ್ರ ಜಾಗೃತ ಆಯೋಗಕ್ಕೆ ದೂರು ಕೊಡಬಹುದು. ಅದು ಇವತ್ತಿಗೂ ಇದೆ. ಅದರ ಲಕೋಟೆಯ ನಿಯಮ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಲಕೋಟೆ ಭದ್ರವಾಗಿ ಅಂಟಿಸಿರಬೇಕು. ಮೇಲೆ ಇದು ಸಾರ್ವಜನಿಕ ಹಿತಾಸಕ್ತಿಯ ದೂರು ಅಂತ ಅವರು ಹೇಳಿದ ಮಾತಿನಲ್ಲೇ ಬರೆದಿರಬೇಕು, ಬರೆಯದಿದ್ದರೆ ಗುಟ್ಟು ಕಾಯುವ ಜವಾಬ್ದಾರಿ ಅವರದ್ದಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರು ಇರಬಾರದು, ಒಳಗೆ ಮಾತ್ರ ಇರಲೇಬೇಕು. ದೂರು ಮುಟ್ಟಿತು ಅಂತ ಅವರು ಸ್ವೀಕೃತಿ ಕಳಿಸುವುದಿಲ್ಲ, ಅದೂ ನಿಮ್ಮ ಹೆಸರು ಕಾಯುವುದಕ್ಕೇ. ಮೂಗರ್ಜಿಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಮುಖ್ಯವಾದ ಮಾತು, ಇದು ಕೇಂದ್ರ ಸರ್ಕಾರದ ನೌಕರರು ಮತ್ತು ಅದರ ಉದ್ದಿಮೆಗಳಿಗೆ ಮಾತ್ರ. ನಮ್ಮ ತಾಲ್ಲೂಕು ಕಚೇರಿಗೆ, ಪಂಚಾಯ್ತಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿಯ ವಿಷಯವಾದರೆ ಲೋಕಾಯುಕ್ತಕ್ಕೆ ಹೋಗಬೇಕು, ಅಲ್ಲಿ ದೂರಿನ ನಮೂನೆಯ ಜೊತೆ ಅಫಿಡವಿಟ್ ಕೇಳುತ್ತಾರೆ. ಅಂದರೆ ನೋಟರಿ ಮುಂದೆ ಕೂತು ಹೆಸರು, ವಿಳಾಸ, ಸಹಿ.

ನಿರ್ಣಯ ಬಂದ ಮರುವರ್ಷವೇ ಮಂಜುನಾಥ್ ಷಣ್ಮುಗಂ ಹೋದರು. ಇವರು ನಮ್ಮವರು, ಕೋಲಾರದ ಚಿನ್ನದ ಗಣಿಯ ಊರಿನ ಹುಡುಗ. ಮೈಸೂರಿನ ಎಸ್‌ಜೆಸಿಇನಲ್ಲಿ ಎಂಜಿನಿಯರಿಂಗ್, ಆಮೇಲೆ ಲಖನೌ ಐಐಎಂ, ಆಮೇಲೆ ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದರು. ಬೀಗ ತೆಗೆದ ಮೇಲೆ ಮತ್ತೆ ಪರೀಕ್ಷೆಗೆ ಹೋದರು. 2005ರ ನವೆಂಬರ್ 19. ಅವರ ಶವ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿತು. 27 ವರ್ಷ. ಬಂಕಿನ ಮಾಲೀಕನ ಮಗನಿಗೆ ಮೊದಲು ಮರಣದಂಡನೆ ಆಗಿ, ಆಮೇಲೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಪರಾಧಿಗೆ ಶಿಕ್ಷೆ ಆಯಿತು, ಸರಿ. ಆದರೆ ಒಬ್ಬನೇ ಹೋಗಿ ಬಂಕು ಪರೀಕ್ಷೆ ಮಾಡುವ ಹುಡುಗನಿಗೆ ಬದುಕಿದ್ದಾಗ ಯಾವ ರಕ್ಷಣೆ ಇತ್ತು?

2012ರಲ್ಲಿ ಬೆಂಗಳೂರಿನಲ್ಲೇ ಎಸ್.ಪಿ. ಮಹಾಂತೇಶ್. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯ ಅಧಿಕಾರಿ, ಗೃಹ ನಿರ್ಮಾಣ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ಎತ್ತಿ ತೋರಿಸಿದ್ದವರು. ಮೇ 15ರ ರಾತ್ರಿ ಅವರ ಮೇಲೆ ಹಲ್ಲೆಯಾಯಿತು, 20ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವತ್ತು ಮಾವ ಪೇಪರು ಮಡಚಿಟ್ಟು ಎದ್ದು ಹೋದದ್ದು ನನಗೆ ಇನ್ನೂ ನೆನಪಿದೆ. ಊಟಕ್ಕೆ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಸಂಸತ್ತು ಒಂದು ಕಾಯ್ದೆ ಮಾಡಿತು. ಲೋಕಸಭೆ 2011ರ ಡಿಸೆಂಬರ್, ರಾಜ್ಯಸಭೆ 2014ರ ಫೆಬ್ರವರಿ, ರಾಷ್ಟ್ರಪತಿ ಅಂಕಿತ 2014ರ ಮೇ. ಓದಿದರೆ ಕೆಲವು ಕಡೆ ಚೆನ್ನಾಗಿಯೇ ಇದೆ. ದೂರು ಕೊಟ್ಟವನಿಗೆ ಕಿರುಕುಳ ಆಗಿದೆ ಅಂದರೆ, ಇದು ಕಿರುಕುಳ ಅಲ್ಲ ಅಂತ ಸಾಬೀತು ಮಾಡುವ ಹೊರೆ ಇಲಾಖೆಯ ಮೇಲೆ. ನಮ್ಮ ಮಾವನ ಕಾಲದಲ್ಲಿ ಈ ಒಂದು ಸಾಲು ಇದ್ದಿದ್ದರೆ! ಹೆಸರು ಹೊರಗೆ ಬಿಟ್ಟವರಿಗೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಆದರೆ ಇದರಲ್ಲೂ ಹೆಸರಿಲ್ಲದ ದೂರನ್ನು ಮುಟ್ಟುವ ಹಾಗಿಲ್ಲ. ಇಲಾಖೆಯ ಮುಖ್ಯಸ್ಥರಿಗೆ ಹೆಸರು ತಿಳಿಸಲು ನೀವು ಒಪ್ಪದಿದ್ದರೆ ದಾಖಲೆ ಪುರಾವೆ ಎಲ್ಲ ನೀವೇ ಒದಗಿಸಬೇಕು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ 2 ವರ್ಷದವರೆಗೆ ಜೈಲು.

ಇರಲಿ, ಇದನ್ನೆಲ್ಲ ತಿದ್ದಬಹುದು ಅಂದುಕೊಳ್ಳೋಣ. ದೊಡ್ಡ ವಿಷಯ ಬೇರೆ ಇದೆ. ಈ ಕಾಯ್ದೆ ಜಾರಿಗೇ ಬಂದಿಲ್ಲ. ಯಾವತ್ತಿನಿಂದ ಜಾರಿ ಅಂತ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಬೇಕು, ಹತ್ತು ವರ್ಷ ದಾಟಿದರೂ ಅದು ಬರಲಿಲ್ಲ. ಮೊದಲು ತಿದ್ದುಪಡಿ ಆಗಲಿ ಅಂತ 2015ರಲ್ಲಿ ಒಂದು ಮಸೂದೆ ತಂದರು. ಮಾಹಿತಿ ಹಕ್ಕಿನಲ್ಲಿ ಕೊಡಬಾರದು ಅಂತಿರುವ ಹತ್ತು ಬಗೆಯ ಮಾಹಿತಿ ಇಲ್ಲೂ ಕೊಡಬಾರದು ಅನ್ನುವುದು ಅದರ ಸಾರ. ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯಲ್ಲಿ ಕೂತಿತು, 2019ರಲ್ಲಿ ಅದೂ ಬಿದ್ದುಹೋಯಿತು. ಅಸಲು ಕಾಯ್ದೆ ಪುಸ್ತಕದಲ್ಲೇ ಉಳಿಯಿತು.

ಒಂದು ವೇಳೆ ನಾಳೆ ಜಾರಿಗೆ ಬಂದರೂ ನಮ್ಮ ಬೀದಿಯ ಹುಡುಗಿಗೆ ಪ್ರಯೋಜನವಿಲ್ಲ. ಅದು ಸರ್ಕಾರಿ ನೌಕರರ ಮೇಲಿನ ದೂರಿಗೆ ಮಾತ್ರ. ಖಾಸಗಿ ಆಸ್ಪತ್ರೆಯ ಮ್ಯಾನೇಜರ್ ಅದರೊಳಗೆ ಬರುವುದಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಷೇರುಪೇಟೆಯಲ್ಲಿರುವ ಕಂಪನಿಗಳು, ಬ್ಯಾಂಕಿನಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿಗಳು, ಹೀಗೆ ಕೆಲವರು ಒಳಗೇ ಒಂದು ದೂರಿನ ವ್ಯವಸ್ಥೆ ಇಟ್ಟುಕೊಳ್ಳಬೇಕು ಅಂತ ಇದೆ. ಅವಳ ಆಸ್ಪತ್ರೆ ಕಂಪನಿಯಲ್ಲ, ಟ್ರಸ್ಟ್. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯವರು ಇನ್‌ಸೈಡರ್ ಟ್ರೇಡಿಂಗ್, ಅಂದರೆ ಕಂಪನಿಯ ಒಳಗಿನ ಗುಟ್ಟು ಬಳಸಿ ಮಾಡುವ ಷೇರು ವ್ಯಾಪಾರದ ಬಗ್ಗೆ ಮಾಹಿತಿ ಕೊಟ್ಟವರಿಗೆ 2019ರಿಂದ ಬಹುಮಾನ ಇಟ್ಟಿದ್ದಾರೆ, ಮೊದಲು 1 ಕೋಟಿ ಇದ್ದ ಮಿತಿಯನ್ನು 2021ರಲ್ಲಿ 10 ಕೋಟಿಗೆ ಏರಿಸಿದರು. ಷೇರಿನ ಮೋಸ ಹೇಳಿದವರಿಗೆ ಬಹುಮಾನ, ಐಸಿಯು ಮೋಸ ಹೇಳಿದವರಿಗೆ ಏನೂ ಇಲ್ಲ. ನನಗೆ ಇದು ತುಂಬಾ ನೋವಿನ ವಿಷಯ.

ಈಗ ಇದೇ ಹುಡುಗಿ, ಇದೇ ಫೈಲು, ಅಮೆರಿಕದಲ್ಲಿ ಅಂದುಕೊಳ್ಳಿ.

ಅಲ್ಲಿ 1863ರ ಒಂದು ಕಾನೂನಿದೆ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸರಕು ಕೊಡುವ ಗುತ್ತಿಗೆದಾರರು ಕೆಟ್ಟ ಮಾಲು ಕೊಟ್ಟು ದುಡ್ಡು ಹೊಡೆಯುತ್ತಿದ್ದರು, ಅದನ್ನು ತಡೆಯಲು ಲಿಂಕನ್ ಕಾಲದಲ್ಲಿ ಬಂದದ್ದು. ಸುಳ್ಳು ಬಿಲ್ಲು ಕೊಟ್ಟು ಸರ್ಕಾರದ ಹಣ ಹೊಡೆದವರ ಮೇಲೆ ಯಾರು ಬೇಕಾದರೂ ಸರ್ಕಾರದ ಪರವಾಗಿ ದಾವೆ ಹೂಡಬಹುದು. ಗೆದ್ದರೆ ವಸೂಲಾದ ಹಣದಲ್ಲಿ ನೂರಕ್ಕೆ 15ರಿಂದ 30ರವರೆಗೆ ಪಾಲು. ದಾವೆಯನ್ನು ಮುಚ್ಚಿದ ಲಕೋಟೆಯಲ್ಲೇ ಕೋರ್ಟಿಗೆ ಕೊಡುತ್ತಾರೆ. ಸರ್ಕಾರ ತನಿಖೆ ಮುಗಿಸುವವರೆಗೆ ಎದುರು ಪಕ್ಷಕ್ಕೆ ಕೇಸು ಬಿದ್ದಿದೆ ಅನ್ನುವುದೂ ಗೊತ್ತಾಗಬಾರದು. ನಡುವೆ ಕೆಲಸದಿಂದ ತೆಗೆದರೆ ಮತ್ತೆ ಕೆಲಸ ಕೊಡಬೇಕು, ಬಾಕಿ ಸಂಬಳ ಎರಡರಷ್ಟು ಕೊಡಬೇಕು. ಇವತ್ತು ಈ ಕಾನೂನಿನಲ್ಲಿ ಬರುವ ಕೇಸುಗಳಲ್ಲಿ ದೊಡ್ಡ ಪಾಲು ಆಸ್ಪತ್ರೆ ಮತ್ತು ಔಷಧಿಯದ್ದೇ. ಅಂದರೆ ಇವಳ ಕೈಯಲ್ಲಿರುವಂಥ ಫೈಲಿಗಾಗಿಯೇ ಅಲ್ಲಿ ಒಂದು ದಾರಿ ಇದೆ.

ಇದರಿಂದ ಉಳಿದ ಒಬ್ಬ ಭಾರತೀಯರ ಹೆಸರು ನಿಮಗೆ ಗೊತ್ತಿರಬಹುದು, ದಿನೇಶ್ ಠಾಕೂರ್. ಗುರುಗ್ರಾಮದಲ್ಲಿ ರ‍್ಯಾನ್‌ಬಾಕ್ಸಿ ಕಂಪನಿಯಲ್ಲಿದ್ದರು. ಔಷಧಿಗಳ ಪರೀಕ್ಷೆಯ ಅಂಕಿಅಂಶಗಳನ್ನು ಕೂಡಿಸಿ ನೋಡುವ ಕೆಲಸ ಬಂತು, ನೋಡಿದರೆ ಪರೀಕ್ಷೆಯೇ ಮಾಡದೆ ಅಂಕಿ ಬರೆದದ್ದು ಬಯಲಾಯಿತು. 2005ರಲ್ಲಿ ಕೆಲಸ ಬಿಟ್ಟರು. ಬೇರೆ ಹೆಸರಿನ ಇಮೇಲ್ ಮಾಡಿಕೊಂಡು ಅಮೆರಿಕದ ಔಷಧ ನಿಯಂತ್ರಕರಿಗೆ ಬರೆದರು. ಅದೂ ಮೂಗರ್ಜಿಯೇ ತಾನೆ! ವ್ಯತ್ಯಾಸ ಅಂದರೆ ಅಲ್ಲಿ ಅದನ್ನು ಓದಿದವರು ಉತ್ತರ ಬರೆದರು, ಮಾತಾಡಿಸಿದರು. 2007ರಲ್ಲಿ ಅವರು ಅದೇ ಲಿಂಕನ್ ಕಾಲದ ಕಾನೂನಿನಲ್ಲಿ ದಾವೆ ಹೂಡಿದರು, 2013ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. ಠಾಕೂರ್ ಅವರಿಗೆ ಸುಮಾರು 4.86 ಕೋಟಿ ಡಾಲರ್ ಪಾಲು ಬಂತು. ಕಂಪನಿ ನಮ್ಮದು, ಕಾರ್ಖಾನೆ ನಮ್ಮಲ್ಲಿ, ಸತ್ಯ ಹೇಳಿದವರು ನಮ್ಮವರು, ಕಾಪಾಡಿದ ಕಾನೂನು ಮಾತ್ರ ಸಮುದ್ರದ ಆಚೆಯದು. ಅದೇ ಮಾತ್ರೆಯನ್ನು ನಾವೂ ನುಂಗಿದ್ದೇವೆ.

ಅಮೆರಿಕದವರು ಈ ವಿಷಯದಲ್ಲಿ ಬಹಳ ಹಳಬರು. 1777ರಲ್ಲಿ ವಾರನ್ ಅನ್ನುವ ಯುದ್ಧನೌಕೆಯ ಹತ್ತು ಜನ, ನಮ್ಮ ದಂಡನಾಯಕ ಸೆರೆಸಿಕ್ಕ ಬ್ರಿಟಿಷರಿಗೆ ಹಿಂಸೆ ಕೊಡುತ್ತಿದ್ದಾನೆ ಅಂತ ಸಹಿ ಹಾಕಿ ದೂರು ಕೊಟ್ಟರು. ದಂಡನಾಯಕ ಈಸೆಕ್ ಹಾಪ್‌ಕಿನ್ಸ್‌ನ ಕೆಲಸ ಹೋಯಿತು. ಆತ ಮಾನನಷ್ಟದ ದಾವೆ ಹಾಕಿ ಸ್ಯಾಮ್ಯುಯೆಲ್ ಶಾ, ರಿಚರ್ಡ್ ಮಾರ್ವೆನ್ ಅನ್ನುವ ಇಬ್ಬರನ್ನು ಜೈಲಿಗೆ ಹಾಕಿಸಿದ. ಇನ್ನೂ ಯುದ್ಧ ನಡೀತಿದೆ, ದೇಶ ಹುಟ್ಟಿ ಎರಡು ವರ್ಷ, ಖಜಾನೆ ಖಾಲಿ. ಆದರೂ 1778ರ ಜುಲೈ 30ರಂದು ಅವರ ಕಾಂಗ್ರೆಸ್ ನಿರ್ಣಯ ಮಾಡಿತು, ಇಂಥದ್ದು ಕಂಡವರು ಕೂಡಲೇ ತಿಳಿಸುವುದು ಅವರ ಕರ್ತವ್ಯ ಅಂತ. ಆ ಇಬ್ಬರ ವಕೀಲರ ಖರ್ಚು 1,418 ಡಾಲರ್ ಸರ್ಕಾರವೇ ಕಟ್ಟಿತು. ಎಲ್ಲ ಬಿಟ್ಟು ಈ ವಕೀಲರ ಫೀಸು ನನ್ನ ಮನಸ್ಸಿನಲ್ಲಿ ನಿಂತಿದೆ. ಮಾವ ವಿಚಾರಣೆಗೆ ಓಡಾಡುವುದಕ್ಕೆ ಅತ್ತೆಯ ಎರಡು ಬಳೆ ಅಡವಿಟ್ಟಿದ್ದರು.

ಹಾಗಂತ ಅಮೆರಿಕ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಬ್ರಾಡ್ಲಿ ಬರ್ಕನ್‌ಫೆಲ್ಡ್ ಅನ್ನುವ ಬ್ಯಾಂಕಿನವರು ಸ್ವಿಸ್ ಬ್ಯಾಂಕ್ ಯುಬಿಎಸ್ ಶ್ರೀಮಂತರ ತೆರಿಗೆ ಬಚ್ಚಿಡಲು ಹೇಗೆ ಸಹಾಯ ಮಾಡುತ್ತಿತ್ತು ಅಂತ ಹೇಳಿದರು. ಅವರೂ ಅದರಲ್ಲಿ ಭಾಗಿ ಅಂತ ಅವರನ್ನೇ ಜೈಲಿಗೆ ಕಳಿಸಿದರು, ಹೊರಗೆ ಬಂದ ಮೇಲೆ 2012ರಲ್ಲಿ 10.4 ಕೋಟಿ ಡಾಲರ್ ಬಹುಮಾನ ಕೊಟ್ಟರು. ದೇಶದ ಭದ್ರತೆಯ ವಿಷಯ ಬಂದರಂತೂ ಬಾಗಿಲು ಪೂರ್ತಿ ಬಂದ್. ಸರ್ಕಾರ ಜನರ ಮೇಲೆ ಗುಟ್ಟಾಗಿ ಕಣ್ಣಿಟ್ಟಿದ್ದನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ 2013ರಿಂದ ರಷ್ಯಾದಲ್ಲೇ ಇದ್ದಾರೆ. ದುಡ್ಡಿನ ಮೋಸ ಹೇಳಿದವರನ್ನು ಕಾಪಾಡುವಷ್ಟು ಸುಲಭವಾಗಿ ಅಧಿಕಾರದ ತಪ್ಪು ಹೇಳಿದವರನ್ನು ಯಾವ ಸರ್ಕಾರವೂ ಕಾಪಾಡುವುದಿಲ್ಲ. ಆಸ್ಟ್ರೇಲಿಯಾದಲ್ಲೂ ಅಷ್ಟೇ, ಸೈನ್ಯದ ಗುಟ್ಟಿನ ದಾಖಲೆಗಳನ್ನು ಪತ್ರಕರ್ತರಿಗೆ ಕೊಟ್ಟ, ಸೈನ್ಯದ ವಕೀಲರಾಗಿದ್ದ ಡೇವಿಡ್ ಮೆಕ್‌ಬ್ರೈಡ್ ಅವರಿಗೆ 2024ರಲ್ಲಿ 5 ವರ್ಷ 8 ತಿಂಗಳ ಜೈಲಾಯಿತು.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿಯ ರಕ್ಷಣೆಯ ಕಾನೂನಿನಲ್ಲಿ ಬಹುಮಾನ ಇಲ್ಲ, ಅದು ನೌಕರಿಯ ಕಾನೂನು. 1987ರಲ್ಲಿ ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಹೊರಟ ಹಡಗೊಂದು ಮುಂಬಾಗಿಲು ತೆರೆದೇ ಇದ್ದದ್ದರಿಂದ ಮಗುಚಿ 193 ಜನ ಸತ್ತರು. ತನಿಖೆ ಮಾಡಿದಾಗ, ಬಾಗಿಲು ತೆರೆದೇ ಹಡಗು ಹೊರಡುತ್ತಿದೆ ಅಂತ ಸಿಬ್ಬಂದಿ ಅದಕ್ಕೂ ಮೊದಲು ಐದು ಸಲ ಹೇಳಿದ್ದರು ಅನ್ನುವುದು ಹೊರಬಂತು. ಕೇಳಿದವರಿಲ್ಲ. ಇಂಥ ಕೆಲವು ದುರಂತಗಳಾದ ಮೇಲೆ 1998ರಲ್ಲಿ ಕಾಯ್ದೆ ಬಂತು. ಖಾಸಗಿ, ಸರ್ಕಾರಿ ಅಂತ ಭೇದವಿಲ್ಲ. ನಮ್ಮ ಹುಡುಗಿ ಅಲ್ಲಿದ್ದರೆ ಸೇರಿದ ಮೊದಲ ದಿನದಿಂದಲೇ ಅವಳಿಗೆ ರಕ್ಷಣೆ, ಪರಿಹಾರಕ್ಕೆ ಮೇಲ್ಮಿತಿ ಇಲ್ಲ, ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರೂ ಅದು ನಡೆಯುವುದಿಲ್ಲ. ಕೊರತೆ ಅಂದರೆ, ಇದೆಲ್ಲ ಪೆಟ್ಟು ಬಿದ್ದ ಮೇಲೆ. ಕೆಲಸ ಹೋದ ಮೇಲೆ ಟ್ರಿಬ್ಯುನಲ್ಲಿಗೆ ಹೋಗಬೇಕು. ತೀರ್ಪಿನವರೆಗೆ ಸಂಬಳ ಮುಂದುವರಿಸಿ ಅಂತ ಕೇಳುವುದಾದರೆ ವಜಾ ಆದ 7 ದಿನದೊಳಗೆ ಅರ್ಜಿ ಹಾಕಬೇಕು. ಕೆಲಸ ಕಳೆದುಕೊಂಡ ವಾರದಲ್ಲಿ ಯಾರಿಗೆ ಅಷ್ಟು ತಲೆ ಓಡುತ್ತದೆ?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ, ಅಂದರೆ ಒಕ್ಕೂಟದ ದೇಶಗಳೆಲ್ಲ ಗಡುವಿನೊಳಗೆ ತಮ್ಮಲ್ಲಿ ಕಾನೂನು ಮಾಡಿಕೊಳ್ಳಬೇಕಾದ ನಿಯಮ. 50ಕ್ಕಿಂತ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ಸಂಸ್ಥೆಯಲ್ಲಿ ದೂರು ಕೇಳುವ ವ್ಯವಸ್ಥೆ ಇರಲೇಬೇಕು. 7 ದಿನದಲ್ಲಿ ಮುಟ್ಟಿತು ಅಂತ ಹೇಳಬೇಕು, 3 ತಿಂಗಳಲ್ಲಿ ಏನು ಮಾಡಿದಿರಿ ಅಂತ ತಿಳಿಸಬೇಕು. ಒಳಗೆ ಹೇಳದೆ ನೇರವಾಗಿ ಸರ್ಕಾರಕ್ಕೂ ಹೇಳಬಹುದು. ದೂರು ಕೊಟ್ಟ ಮೇಲೆ ವರ್ಗ, ವಜಾ ಏನಾದರೂ ಆದರೆ, ಅದು ದೂರಿಗೆ ಸೇಡಲ್ಲ ಅಂತ ಸಾಬೀತು ಮಾಡಬೇಕಾದವರು ಮಾಲೀಕರು. ಮೂಗರ್ಜಿ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದನ್ನು ಆಯಾ ದೇಶಕ್ಕೆ ಬಿಟ್ಟಿದ್ದಾರೆ. ಆದರೆ ಹೆಸರಿಲ್ಲದೆ ಹೇಳಿದವರ ಗುರುತು ಆಮೇಲೆ ಹೊರಬಿದ್ದರೆ ಅವರಿಗೂ ಅದೇ ರಕ್ಷಣೆ. ವೋಚರ್ ನಂಬರ್‌ನಿಂದ ಸಿಕ್ಕಿಬಿದ್ದವರನ್ನು ನೆನೆದೇ ಬರೆದ ಹಾಗಿದೆ ಈ ಸಾಲು. ಇನ್ನೊಂದು, ನೀವು ಯಾಕೆ ಹೇಳಿದಿರಿ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ, ಹೇಳಿದ್ದು ನಿಜ ಅಂತ ನಂಬಲು ಕಾರಣ ಇತ್ತೇ ಅನ್ನುವುದಷ್ಟೇ ಮುಖ್ಯ. ನಮ್ಮಲ್ಲಿ ಮೊದಲ ಪ್ರಶ್ನೆಯೇ "ಇವನಿಗೇನು ಲಾಭ?" ಅಂತ.

ಆ ಒಕ್ಕೂಟದ ದೇಶಗಳೂ ಇದನ್ನು ಸಲೀಸಾಗಿ ಒಪ್ಪಲಿಲ್ಲ. 2021ರ ಡಿಸೆಂಬರ್ ಗಡುವು ದಾಟಿಸಿದ್ದಕ್ಕೆ ಜರ್ಮನಿಗೆ ಒಕ್ಕೂಟದ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ 3.4 ಕೋಟಿ ಯೂರೋ ದಂಡ ಹಾಕಿತು. ಕಾನೂನು ತರಲು ತಡ ಮಾಡಿದ ಸರ್ಕಾರಕ್ಕೆ ದಂಡ! ನಮ್ಮ ಅಧಿಸೂಚನೆಯ ವಿಷಯದಲ್ಲಿ ಹೀಗೆ ಕೇಳುವವರು ಯಾರೂ ಇಲ್ಲ. ಲಕ್ಸೆಂಬರ್ಗ್‌ನಲ್ಲಿ ದೊಡ್ಡ ಕಂಪನಿಗಳ ತೆರಿಗೆ ಒಪ್ಪಂದಗಳನ್ನು ಪತ್ರಕರ್ತರಿಗೆ ಕೊಟ್ಟ ರಫೇಲ್ ಹಾಲೆಗೆ ಅಲ್ಲಿನ ಕೋರ್ಟು ಹಾಕಿದ್ದ ದಂಡ 1,000 ಯೂರೋ. ಸಣ್ಣ ಮೊತ್ತ. ಆತ ಬಿಡಲಿಲ್ಲ. 2023ರ ಫೆಬ್ರವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆತನ ಪರ ತೀರ್ಪು ಕೊಟ್ಟಿತು.

ಕೊನೆಗೆ ದಕ್ಷಿಣ ಆಫ್ರಿಕಾ. ಅಲ್ಲಿ 2000ದಲ್ಲೇ ಕಾಯ್ದೆ ಆಗಿದೆ, ಜಾರಿಯಲ್ಲೂ ಇದೆ. ಬಬಿತಾ ದೇವ್‌ಕರಣ್, ಭಾರತೀಯ ಮೂಲದವರು, ಗೌಟೆಂಗ್ ಪ್ರಾಂತ್ಯದ ಆರೋಗ್ಯ ಇಲಾಖೆಯ ಹಣಕಾಸು ಅಧಿಕಾರಿ. ಟೆಂಬಿಸಾ ಆಸ್ಪತ್ರೆಯ ಖರೀದಿ ಬಿಲ್ಲುಗಳಲ್ಲಿ ಅನುಮಾನ ಬಂದು ಪಾವತಿ ತಡೆಯಲು ನೋಡಿದರು. 2021ರ ಆಗಸ್ಟ್ 23ರ ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಮನೆ ಬಾಗಿಲಿಗೆ ಬಂದಾಗ ಗುಂಡು ಹಾರಿಸಿದರು. ಆರು ಜನ ತಪ್ಪೊಪ್ಪಿಕೊಂಡು 2023ರಲ್ಲಿ ಜೈಲಿಗೆ ಹೋದರು. ಆ ಕಾಯ್ದೆ ಅವರ ಕೆಲಸ ಕಾಯುತ್ತಿತ್ತು. ಜೀವ ಕಾಯುವ ವ್ಯವಸ್ಥೆ ಅದರಲ್ಲಿರಲಿಲ್ಲ. ಆಸ್ಪತ್ರೆ, ಬಿಲ್ಲು, ಒಬ್ಬ ಹೆಣ್ಣುಮಗಳು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೋದ ವಾರ ಆ ಹುಡುಗಿ ಮತ್ತೆ ಬಂದಳು. ಅವಳಿಗೆ ಹೇಳಿದ್ದು ಇಷ್ಟೇ. ಆಫೀಸಿನ ಕಂಪ್ಯೂಟರಿನಲ್ಲಿ, ಆಫೀಸಿನ ವೈಫೈನಲ್ಲಿ ಈ ಬಗ್ಗೆ ಏನೂ ಹುಡುಕಬೇಡ, ಏನೂ ಬರೆಯಬೇಡ. ರೋಗಿಗಳ ಕಾಗದ ಮನೆಗೆ ತರಬೇಡ, ಕಳ್ಳತನ ಅಂತ ನಿನ್ನ ಮೇಲೇ ಕೇಸು ಹಾಕುತ್ತಾರೆ. ಯಾವತ್ತು ಏನು ನೋಡಿದೆ, ಯಾರು ಏನು ಹೇಳಿದರು ಅಂತ ಮನೆಯಲ್ಲಿ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡು. ಬರೆಯುವ ಮೊದಲು ಒಬ್ಬ ವಕೀಲರನ್ನು ನೋಡೋಣ, ನಾನೂ ಬರ್ತೀನಿ. ಬರೆದ ಕಾಗದವನ್ನು ಹತ್ತು ಸಲ ಓದು, ನಿನಗೆ ಮಾತ್ರ ಗೊತ್ತಿರುವ ವಿವರ ಯಾವುದಿದೆ ಅಂತ ನೋಡು, ಬೇರೆಯವರಿಗೂ ಗೊತ್ತಿರುವ ವಿವರದಿಂದಲೇ ತನಿಖೆ ಶುರುವಾಗುವ ಹಾಗೆ ಬರೆಯಬಹುದಾ ಯೋಚಿಸು.

"ಆಟೋ ಹತ್ತಿಸಿದ ವಿಷಯ ಬರೀಬಾರದು, ಅಲ್ವಾ ಅಕ್ಕಾ?" ಅಂದಳು.

ಹೌದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆದ್ರೆ ನಾನು ಕಣ್ಣಾರೆ ನೋಡಿದ್ದು ಅದೊಂದೇ" ಅಂದಳು. ಚಪ್ಪಲಿ ಹಾಕಿಕೊಂಡು ಹೊರಟಳು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮತ್ತೆ ಅದೇ ಕುರ್ಚಿಯಲ್ಲಿ ಕೂತು ಟೈಪ್ ಮಾಡಬೇಕು.